ಶಿವರಾತ್ರಿಗೆ ಮುಂಚೆ ಹಿತ್ತಲ ಕೆಲಸ



ಸಂಕ್ರಾಂತಿ ಕಳೆಯಿತು. ರಾಗಿ ಬೆಳೆಯುವ ಸೀಮೆಯಲ್ಲಿ ಕಣದ ಕೆಲಸ ಮುಗಿದು ಕಾಳು ಮನೆ ಸೇರಿದೆ, ಹುಲ್ಲು ಮೆದೆಯಾಗಿದೆ. ಉತ್ತರದ ಕಡೆ ಬಿಳಿಜೋಳ, ಕಡಲೆ ಇನ್ನೂ ಹೊಲದಲ್ಲಿದ್ದರೂ ಬಿತ್ತನೆಯ ಕಾಲದ ಧಾವಂತ ಈಗಿಲ್ಲ. ರಥಸಪ್ತಮಿ ಬಂತೆಂದರೆ ಬಿಸಿಲಿಗೆ ಬಲ ಬರುತ್ತದೆ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗುತ್ತದೆಂದು ಹಿರಿಯರು ಹೇಳುತ್ತಾರಲ್ಲ, ಆ ಚಳಿ ಹೊರಡುವುದಕ್ಕೆ ಮುಂಚೆ ಮಾಡಿ ಮುಗಿಸಬೇಕಾದ ಒಂದು ಕೆಲಸ ಮನೆಯ ಹಿಂದೆಯೇ ಕಾದಿದೆ. ಅದು ಹಿತ್ತಲಿನ ಕೆಲಸ. ಈ ಹೊತ್ತು ಅದರ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ಈಗ ನೋಡಿ, ಸಂತೆಯಲ್ಲಿ ಸೊಪ್ಪು ಸೋವಿಯಾಗಿದೆ. ಅವರೆಕಾಯಿ ಇದೆ, ಮೂಲಂಗಿ ಇದೆ, ಬದನೆ ಇದೆ. ಅದರಿಂದ ಹಿತ್ತಲಿನ ಚಿಂತೆ ಯಾರಿಗೂ ಇಲ್ಲ. ಆದರೆ ಯುಗಾದಿ ಕಳೆದು ಚೈತ್ರ, ವೈಶಾಖ ಬಂದಾಗ ಏನಾಗುತ್ತದೆ? ಕೆರೆಯ ನೀರು ತಳ ಕಾಣುತ್ತದೆ, ಬಾವಿಯ ಹಗ್ಗ ಉದ್ದವಾಗುತ್ತದೆ, ಸೊಪ್ಪಿನ ಕಟ್ಟು ಸಣ್ಣದಾಗುತ್ತದೆ, ಬೆಲೆ ಮಾತ್ರ ದೊಡ್ಡದಾಗುತ್ತದೆ. ಆಗ ನಮ್ಮ ಮನೆಗಳಲ್ಲಿ ಊಟವೆಂದರೆ ಹುಳಿಸಾರು, ಚಟ್ನಿಪುಡಿ, ಉಪ್ಪಿನಕಾಯಿ. ಎರಡು ಮೂರು ತಿಂಗಳು ಹೀಗೇ ಸಾಗುತ್ತದೆ. ಇದ್ದಷ್ಟು ಪಲ್ಯ ಗಂಡಸರಿಗೂ ಮಕ್ಕಳಿಗೂ ಬಡಿಸಿದ ಮೇಲೆ ಮನೆಯೊಡತಿಯ ತಟ್ಟೆಗೆ ಬರುವುದು ಬರಿಯ ಸಾರು.

ಇದು ಸಣ್ಣ ವಿಷಯವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದ್ದದ್ದು ಕಂಡುಬಂದಿತು. ಸುಸ್ತು, ತಲೆಸುತ್ತು, ಏದುಸಿರು, ಇವನ್ನೆಲ್ಲ ದೃಷ್ಟಿಯೆಂದೋ ಬಿಸಿಲೆಂದೋ ತಳ್ಳಿಹಾಕುತ್ತೇವೆ. ಇದಕ್ಕೆ ಆಸ್ಪತ್ರೆಯ ಗುಳಿಗೆ ಬೇಕು, ನಿಜ. ಅದರ ಜೊತೆಗೆ ದಿನವೂ ಸೊಪ್ಪು, ಕಾಳು, ಒಂದಿಷ್ಟು ನಿಂಬೆರಸ ಊಟದಲ್ಲಿ ಇರಬೇಕು. ನಿಂಬೆ ಏಕೆಂದರೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೆ ಹುಳಿ ಸಹಾಯ ಮಾಡುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಗುತ್ತಾ ಹೇಳುತ್ತೇವೆ. ಗಿಡವೇ ಇಲ್ಲದ ಹಿತ್ತಲಿನಲ್ಲಿ ಮದ್ದನ್ನು ಎಲ್ಲಿ ಹುಡುಕೋಣ?

‘ಕುಡಿಯುವುದಕ್ಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರೋಣ ಸ್ವಾಮೀ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೇಸಿಗೆಯಲ್ಲಿ ತೋಟಕ್ಕೆಂದೇ ಕೊಡ ಹೊತ್ತು ತನ್ನಿ ಎಂದು ನಾನು ಹೇಳುವುದಿಲ್ಲ. ಆ ಹೊರೆ ಬೀಳುವುದು ಮನೆಯ ಹೆಂಗಸರ ಸೊಂಟದ ಮೇಲೆಯೇ. ನಾನು ಕೇಳುವುದು ಬೇರೆ. ಒಂದು ಸಲ ಬಳಸಿ ಚೆಲ್ಲಿದ ನೀರು ಈಗ ಎಲ್ಲಿಗೆ ಹೋಗುತ್ತಿದೆ?

ಲೆಕ್ಕ ಹಾಕೋಣ. ಮನೆಯಲ್ಲಿ 5 ಜನ ಎಂದು ಇಟ್ಟುಕೊಳ್ಳಿ. ಒಬ್ಬರ ಸ್ನಾನಕ್ಕೆ ಒಂದು ಬಕೆಟ್ಟು, ಅಂದರೆ 15 ಲೀಟರ್. ಐವರಿಗೆ 75 ಲೀಟರ್ ಆಯಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ಪಾತ್ರೆಯ ಕೊನೆಯ ಜಾಲಿನ ನೀರು, ಇವೆಲ್ಲ ಸೇರಿ ಇನ್ನು 25 ಲೀಟರ್. ಒಟ್ಟು 100 ಲೀಟರ್. ದಿನಾ ಬೆಳಗಾದರೆ ಈ 100 ಲೀಟರ್ ನೀರು ಬಚ್ಚಲ ಹಿಂದಿನ ಕೆಸರಿಗೋ, ಬೀದಿಯ ಚರಂಡಿಗೋ ಹೋಗಿ ಸೊಳ್ಳೆ ಸಾಕುತ್ತಿದೆ. ನಲ್ಲಿ ಮನೆಗೆ ಬಂದ ಊರುಗಳಲ್ಲಿ ಈ ಕೆಸರು ಇನ್ನೂ ಹೆಚ್ಚಾಗಿದೆ.

ಈಗ ಗಿಡದ ಕಡೆಯ ಲೆಕ್ಕ. ಬೇಸಿಗೆಯ ಬಿಸಿಲಿನಲ್ಲಿ ತರಕಾರಿ ಬೆಳೆದ ಒಂದು ಚದರ ಮೀಟರು ನೆಲ ದಿನಕ್ಕೆ ಹೆಚ್ಚುಕಡಿಮೆ 5 ಲೀಟರ್ ನೀರು ಕೇಳುತ್ತದೆ. ಹಾಗಾದರೆ 100 ಲೀಟರ್ ನೀರು 20 ಚದರ ಮೀಟರಿಗೆ ಸಾಕು. ನಮ್ಮ ಅಳತೆಯಲ್ಲಿ ಹೇಳುವುದಾದರೆ 20 ಅಡಿ ಉದ್ದ, 10 ಅಡಿ ಅಗಲದ ತುಂಡು. ಗುಂಟೆಯ ಐದರಲ್ಲಿ ಒಂದು ಪಾಲು. ಹೆಚ್ಚೇನೂ ಬೇಡ, ಇಷ್ಟೇ ಸಾಕು. ಹಿತ್ತಲು ದೊಡ್ಡದಿದೆಯೆಂದು ಪೂರಾ ಅಗೆದು ಬೀಜ ಹಾಕಿ, ಏಪ್ರಿಲಿನಲ್ಲಿ ಅಷ್ಟನ್ನೂ ಒಣಗಿಸಬೇಡಿ. ಈ ಕಾಲದ ತೋಟದ ಅಳತೆಯನ್ನು ನೆಲ ನೋಡಿ ಗೊತ್ತುಮಾಡಬಾರದು, ನೀರು ನೋಡಿ ಗೊತ್ತುಮಾಡಬೇಕು. ಇಂದಿನ ಮಾತಿನ ಸಾರವೇ ಇದು. ನಿಮ್ಮ ಮನೆಯಲ್ಲಿ ಮೂವರೇ ಇದ್ದರೆ ತುಂಡು ಚಿಕ್ಕದಾಗಲಿ; ಎಂಟು ಜನರಿದ್ದರೆ ಸ್ವಲ್ಪ ದೊಡ್ಡದಾಗಲಿ.

ಕರಾವಳಿಯ ತಾಯಂದಿರು ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಾ ಬಂದಿದ್ದಾರೆ. ಅಲ್ಲಿ ಬಸಳೆಯ ಚಪ್ಪರ ಎಲ್ಲಿರುತ್ತದೆಂದು ನೋಡಿ. ಬಾವಿಕಟ್ಟೆಯ ಬದಿಗೋ ಬಚ್ಚಲ ಹಿಂದೆಯೋ ಇರುತ್ತದೆ. ನೀರು ಹೋಗುವ ದಾರಿಯಲ್ಲೇ ಗಿಡ ನೆಟ್ಟರೆ ನೀರು ಹಾಕುವ ಕೆಲಸವೇ ಉಳಿಯುವುದಿಲ್ಲ.

ಸರಿ, ಕೆಲಸಕ್ಕೆ ಬರೋಣ. ಮೊದಲು ನೀರಿನ ದಾರಿ. ಸೋಪಿನ ನೀರನ್ನು ಹಾಗೆಯೇ ಮಡಿಗೆ ಬಿಡಬಾರದು. ತಳಕ್ಕೆ ನಾಲ್ಕಾರು ತೂತು ಮಾಡಿದ ಒಂದು ಹಳೆಯ ಮಡಕೆಯಲ್ಲಿ ತೆಂಗಿನ ನಾರು ತುಂಬಿ, ಬಚ್ಚಲ ತೂಬಿನ ಬಾಯಿಗೆ ಇಡಿ. ಕೂದಲು, ಎಣ್ಣೆಜಿಡ್ಡು, ಸೋಪಿನ ಗಷ್ಟು ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಾಲ್ಕು ಅಡಿ ಉದ್ದದ ಕಾಲುವೆ ತೋಡಿ, ಜಲ್ಲಿಯನ್ನೂ ಅದರ ಮೇಲೆ ದಪ್ಪ ಮರಳನ್ನೂ ಹರಡಿ. ಇದನ್ನು ದಾಟಿ ಬಂದ ನೀರು ಮಡಿಗಳ ಕಡೆ ಹರಿಯಲಿ. ವಾರಕ್ಕೊಮ್ಮೆ ನಾರನ್ನು ಬದಲಾಯಿಸಿ. ಈ ನೀರನ್ನು ಗುಂಡಿಯಲ್ಲಿ ಕೂಡಿಡಬೇಡಿ. ರಾತ್ರಿ ಕಳೆದರೆ ನಾರುತ್ತದೆ, ನಾಲ್ಕು ದಿನ ನಿಂತರೆ ಸೊಳ್ಳೆಯ ಮರಿ ಆಡುತ್ತದೆ. ಅಂದಿನ ನೀರು ಅಂದೇ ಮಣ್ಣಿಗೆ ಸೇರಬೇಕು.

ಬಟ್ಟೆ ಒಗೆದ ನೀರಿನ ವಿಷಯದಲ್ಲಿ ಎಚ್ಚರಿಕೆ ಇರಲಿ. ಸೋಡಾ, ಸೋಪಿನ ಪುಡಿ ಸೇರಿದ ನೀರು ದಿನವೂ ಒಂದೇ ಜಾಗಕ್ಕೆ ಬಿದ್ದರೆ ಮಣ್ಣು ಕಲ್ಲಿನಂತೆ ಬಿಗಿಯುತ್ತದೆ. ಎರೆಮಣ್ಣಿನಲ್ಲಂತೂ ಬಹಳ ಬೇಗ. ಮೊದಲ ಸಲದ ಸೋಪಿನ ನೀರನ್ನು ತೋಟಕ್ಕೆ ಬಿಡಬೇಡಿ. ಕೊನೆಯ ಸಲ ಜಾಲಿಸಿದ ನೀರನ್ನು ಬಾಳೆಗೋ ತೆಂಗಿಗೋ ಹಾಕಬಹುದು. ಸೊಪ್ಪಿನ ಮಡಿಗೆ ಮಾತ್ರ ಅಡುಗೆಮನೆಯ ನೀರು, ಅಂದರೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು. ಹಸಿಯಾಗಿ ತಿನ್ನುವ ಯಾವುದಕ್ಕೂ ಬಚ್ಚಲ ನೀರು ಬೇಡ.

ಇನ್ನು ಮಡಿ ಮಾಡುವ ಕ್ರಮ. 20 ಅಡಿಯ ತುಂಡಿನಲ್ಲಿ 3 ಅಡಿ ಅಗಲದ 5 ಮಡಿ ಮಾಡಿ, ಪ್ರತಿಯೊಂದು ಮಡಿಯ ಪಕ್ಕಕ್ಕೂ 1 ಅಡಿ ಕಾಲುದಾರಿ ಬಿಡಿ. ಎರಡೂ ಬದಿಯಿಂದ ಕೈ ಚಾಚಿದರೆ ಮಡಿಯ ನಡುವಿನ ಕಳೆ ಸಿಗಬೇಕು, ಮಡಿಯನ್ನು ತುಳಿಯಬಾರದು. ಮಳೆಗಾಲದಲ್ಲಿ ಮಡಿ ಎತ್ತರವಾಗಿರಬೇಕು, ಬೇಸಿಗೆಯಲ್ಲಿ ಹಾಗಲ್ಲ. ಈಗ ಮಡಿಯು ಕಾಲುದಾರಿಗಿಂತ ನಾಲ್ಕು ಬೆರಳು ತಗ್ಗಿನಲ್ಲಿರಲಿ. ಆಗ ಹಾಕಿದ ನೀರು ಓಡಿಹೋಗದೆ ಬೇರಿನ ಹತ್ತಿರವೇ ಇಂಗುತ್ತದೆ.

ಒಂದು ಗೇಣು ಆಳ ಅಗೆದು ಎಂಟು ಹತ್ತು ದಿನ ಬಿಸಿಲಿಗೆ ಬಿಡಿ. ಗೊಣ್ಣೆಹುಳು, ಗರಿಕೆಯ ಬೇರು ಮೇಲಕ್ಕೆ ಬರುತ್ತವೆ. ಹುಳುವನ್ನು ಕೋಳಿಗಳೂ ಗೊರವಂಕಗಳೂ ಹೆಕ್ಕುತ್ತವೆ, ಬೇರನ್ನು ನೀವು ಹೆಕ್ಕಿ. ಆಮೇಲೆ ಮಡಿಗೆ ಎರಡು ಬುಟ್ಟಿಯಂತೆ ಕಳಿತ ಗೊಬ್ಬರ ಹಾಕಿ ಮಣ್ಣಿನಲ್ಲಿ ಬೆರೆಸಿ. ಕಳಿತದ್ದು ಎಂದರೆ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿಯ ವಾಸನೆ ಇರಬಾರದು. ಹಸಿ ಸಗಣಿ ಹಾಕಿದರೆ ಗೆದ್ದಲನ್ನೂ ಗೊಣ್ಣೆಹುಳುವನ್ನೂ ಕರೆದು ಕೂರಿಸಿದಂತೆ. ಒಲೆಯ ಬೂದಿಯನ್ನೂ ಎಸೆಯಬೇಡಿ, ಮಡಿಗೆ ಎರಡು ಬೊಗಸೆ ಉದುರಿಸಿ. ಆದರೆ ಅದನ್ನು ಹಸಿ ಸಗಣಿಯ ಜೊತೆಗೋ ಯೂರಿಯಾದ ಜೊತೆಗೋ ಬೆರೆಸಿಡಬಾರದು. ಬೆರೆಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಇಲ್ಲಿ ಒಂದು ಮಾತು. ಈ ಕಾಲದಲ್ಲಿ ಮರಗಳು ಎಲೆ ಉದುರಿಸುತ್ತವೆ. ಬೆಳಗ್ಗೆ ಎದ್ದು ಹಿತ್ತಲು ಗುಡಿಸಿ, ತರಗೆಲೆಯನ್ನೆಲ್ಲ ಮೂಲೆಗೆ ಸೇರಿಸಿ ಬೆಂಕಿ ಇಡುವ ರೂಢಿ ನಮ್ಮಲ್ಲಿ ಬಹಳ. ಚಳಿಗೆ ಹಿತವಾಗಿಯೇ ಇರುತ್ತದೆ. ಆದರೆ ನೀವು ಸುಡುತ್ತಿರುವುದು ಬೇಸಿಗೆಯಲ್ಲಿ ನಿಮ್ಮ ಮಡಿ ಹೊದ್ದುಕೊಳ್ಳಬೇಕಾದ ಕಂಬಳಿ. ಆ ಎಲೆಯನ್ನು ಗೋಣಿಚೀಲಕ್ಕೆ ತುಂಬಿಡಿ. ಗಿಡ ಗೇಣುದ್ದ ಬಂದ ಮೇಲೆ ಸಾಲುಗಳ ನಡುವೆ ನಾಲ್ಕು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗದ ಹಾಗೆ ಸುತ್ತ ಸ್ವಲ್ಪ ಜಾಗ ಬಿಡಿ. ಬಿಸಿಲು ನೆಲಕ್ಕೆ ತಾಗುವುದಿಲ್ಲ, ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ. ಮನೆಗೆ ನೆಂಟರು ಬಂದು ಹೋದ ದಿನ, ನಲ್ಲಿ ಬಾರದ ದಿನ, ಒಂದು ಹೊತ್ತು ನೀರು ತಪ್ಪಿದರೂ ಗಿಡ ತಡೆದುಕೊಳ್ಳುತ್ತದೆ. ಗೆದ್ದಲು ಹೆಚ್ಚಿರುವ ಕಡೆ ಮಾತ್ರ ಆಗಾಗ ಎತ್ತಿ ನೋಡುತ್ತಿರಬೇಕು.

ಯಾವ ಮಡಿಗೆ ಏನು ಹಾಕಬೇಕು? ಎರಡು ಮಡಿ ಸೊಪ್ಪಿಗೆ. ಹರಿವೆ, ದಂಟು ಬೇಸಿಗೆಗೆ ಹೇಳಿಮಾಡಿಸಿದ ಸೊಪ್ಪುಗಳು. ಬಿತ್ತಿದ 25–30 ದಿನಕ್ಕೆ ಮೊದಲ ಕೊಯ್ಲು. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿಯನ್ನು ಕಿತ್ತುಹಾಕದೆ ಮೇಲಿನ ಕುಡಿಯನ್ನು ಕೊಯ್ದರೆ ಮತ್ತೆ ಚಿಗುರುತ್ತದೆ. ಹಲವು ಸಲ ಕೊಯ್ಯಬಹುದು. ಒಂದು ಗುಟ್ಟು ಏನೆಂದರೆ, ಸೊಪ್ಪಿನ ಬೀಜವನ್ನು ಒಂದೇ ದಿನ ಬಿತ್ತಬೇಡಿ. ಎರಡು ಮಡಿಯನ್ನು ಮೂರು ಪಾಲು ಮಾಡಿ, ಹತ್ತು ಹತ್ತು ದಿನ ಬಿಟ್ಟು ಬಿತ್ತಿ. ಒಂದೇ ಸಲ ಬಿತ್ತಿದರೆ ಒಂದು ವಾರ ನೆರೆಮನೆಗೆಲ್ಲ ಹಂಚುವಷ್ಟು ಸೊಪ್ಪು, ಮುಂದಿನ ವಾರ ಬರಿಯ ನೆಲ. ಪಾಲು ಮಾಡಿ ಬಿತ್ತಿದರೆ ಒಂದು ಪಾಲು ಮುಗಿಯುವಾಗ ಇನ್ನೊಂದು ಸಿದ್ಧವಾಗಿರುತ್ತದೆ. ಮೆಂತ್ಯ ತಂಪನ್ನು ಬಯಸುವ ಸೊಪ್ಪು. ಬೇಕಿದ್ದರೆ ಅದನ್ನು ಈಗಲೇ ಹಾಕಿ ಬಿಸಿಲು ಏರುವುದರೊಳಗೆ ತೆಗೆದುಬಿಡಿ.

ಮೂರನೆಯ ಮಡಿ ಬೆಂಡೆಗೆ. ಬೀಜವನ್ನು ಹಿಂದಿನ ರಾತ್ರಿ ನೆನೆಹಾಕಿ, ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಬಿಟ್ಟು ಊರಿ. ಒಂದು ಮಡಿಗೆ ಎರಡು ಸಾಲು, 20 ಗಿಡ. ಒಂದೂವರೆ ತಿಂಗಳಿಗೆ ಕಾಯಿ ಶುರು. ಎಳೆಯದಿದ್ದಾಗಲೇ ದಿನ ಬಿಟ್ಟು ದಿನ ಕೊಯ್ಯುತ್ತಿದ್ದರೆ ಗಿಡ ಬಿಡುತ್ತಲೇ ಇರುತ್ತದೆ. ಬಲಿಯಲು ಬಿಟ್ಟರೆ ನಿಂತುಬಿಡುತ್ತದೆ. ನಾಲ್ಕನೆಯ ಮಡಿ ಗೋರಿಕಾಯಿಗೆ. ಕೆಲವು ಕಡೆ ಇದನ್ನೇ ಚವಳಿಕಾಯಿ ಎನ್ನುತ್ತಾರೆ. ಬಿಸಿಲನ್ನೂ ನೀರಿನ ಕೊರತೆಯನ್ನೂ ಇದರ ಹಾಗೆ ತಡೆಯುವ ತರಕಾರಿ ಅಪರೂಪ. ಐದನೆಯ ಮಡಿಗೆ ನಾಲ್ಕೈದು ಬದನೆ, ಎಂಟು ಹತ್ತು ಮೆಣಸಿನ ಸಸಿ. ಸಸಿಗಳನ್ನು ಸಂಜೆಯ ಹೊತ್ತಿನಲ್ಲಿ ನೆಟ್ಟು, ಮೂರು ನಾಲ್ಕು ದಿನ ಸೊಪ್ಪಿನ ಕೊಂಬೆ ಚುಚ್ಚಿ ನೆರಳು ಮಾಡಿ.

ಹೀರೆ, ಹಾಗಲ, ಸೋರೆ, ಇವಕ್ಕೆ ಮಡಿಯ ಜಾಗ ಬೇಡ. ಬೇಲಿಯ ಪಕ್ಕ ಗುಣಿ ತೋಡಿ ಗೊಬ್ಬರ ತುಂಬಿ ಮೂರು ಮೂರು ಬೀಜ ಹಾಕಿ, ಮೊಳೆತ ಮೇಲೆ ಒಳ್ಳೆಯ ಎರಡನ್ನು ಉಳಿಸಿ, ಚಪ್ಪರಕ್ಕೆ ಹಬ್ಬಿಸಿ. ಆದರೆ ಆತುರ ಬೇಡ. ಈ ಬಳ್ಳಿಯ ಬೀಜಗಳು ಚಳಿಯಲ್ಲಿ ಮೊಳೆಯದೆ ಕೊಳೆಯುತ್ತವೆ. ಬೀದರ, ವಿಜಯಪುರದ ಕಡೆ ಚಳಿ ಹೆಚ್ಚಾದ್ದರಿಂದ ರಾತ್ರಿಯ ಕೊರೆತ ಕಡಮೆಯಾಗುವ ತನಕ ಕಾಯಿರಿ. ಇನ್ನು ಅವರೆ. ನಮ್ಮ ನಾಟಿ ಅವರೆಯು ಹಗಲು ಗಿಡ್ಡವಾಗಿರುವ ಕಾಲದಲ್ಲಿ ಹೂ ಬಿಡುವ ಜಾತಿ. ಈಗ ಹಾಕಿದರೆ ಬಳ್ಳಿ ಹಬ್ಬೀತು, ಕಾಯಿ ಬಿಡಲಾರದು. ಈಗಿರುವ ಬಳ್ಳಿಯಲ್ಲಿ ಒಳ್ಳೆಯ ಕಾಯಿಗಳನ್ನು ಬೀಜಕ್ಕೆಂದು ಬಲಿಯಲು ಬಿಟ್ಟು ಎತ್ತಿಡಿ, ಮುಂಗಾರಿಗೆ ಹಾಕಿ.

ಈಗ ಮತ್ತೆ ಲೆಕ್ಕಕ್ಕೆ ಬನ್ನಿ. ಐದು ಮಡಿಯ ನೆಲ ಸುಮಾರು 14 ಚದರ ಮೀಟರು. ಅದಕ್ಕೆ 70 ಲೀಟರ್ ನೀರು ಸಾಕು. ಇದರಲ್ಲಿ ಎರಡು ಸೊಪ್ಪಿನ ಮಡಿಗೆ ಅಡುಗೆಮನೆಯ 25 ಲೀಟರ್ ಸರಿಹೋಗುತ್ತದೆ. ಉಳಿದ ಮೂರು ಮಡಿಗೆ ಸ್ನಾನದ ನೀರಿನಲ್ಲಿ 45 ಲೀಟರ್. ಮಿಕ್ಕ 30 ಲೀಟರ್ ಬಳ್ಳಿಗಳಿಗೂ ಎರಡು ಮರಕ್ಕೂ. ಕಾಲುವೆಯ ಕೊನೆಗೆ, ತೇವ ನಿಲ್ಲುವ ಜಾಗದಲ್ಲಿ ಬಾಳೆ, ಅದರ ಬುಡದಲ್ಲಿ ಕೆಸು. ಪರಂಗಿಗೆ ಮಾತ್ರ ಬುಡದಲ್ಲಿ ನೀರು ನಿಲ್ಲಬಾರದು. ಅದನ್ನು ಸ್ವಲ್ಪ ಎತ್ತರದಲ್ಲಿ ನೆಡಿ.

ಬೀಜ ಹಳೆಯದಾಗಿದ್ದರೆ ಪರೀಕ್ಷೆ ಮಾಡಿ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದೊಳಗೆ ಏಳೆಂಟು ಮೊಳೆತರೆ ಬಿತ್ತಬಹುದು. ಮೂರು ನಾಲ್ಕೇ ಮೊಳೆತರೆ ಬೇರೆ ಬೀಜ ತನ್ನಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ, ಸಂತೋಷದಿಂದ ಮಾಡುತ್ತಾರೆ.

ಹುಳು ಬಂದರೆ ಏನು ಮಾಡಬೇಕು? ಹತ್ತಿಗೆ, ದ್ರಾಕ್ಷಿಗೆ, ಟೊಮೇಟೊಗೆ ತಂದ ಔಷಧಿ ಡಬ್ಬಿಯ ತಳದಲ್ಲಿ ಮಿಕ್ಕಿದೆಯೆಂದು ದಯವಿಟ್ಟು ಹಿತ್ತಲಿಗೆ ಹೊಡೆಯಬೇಡಿ. ಇಲ್ಲಿನ ಸೊಪ್ಪು ಬೆಳಗ್ಗೆ ಕೊಯ್ದದ್ದು ಮಧ್ಯಾಹ್ನ ಮಗುವಿನ ತಟ್ಟೆಗೆ ಬರುತ್ತದೆ. ಹೇನು ಕಂಡರೆ ಬೆಳಗಿನ ಇಬ್ಬನಿಯಲ್ಲಿ ಬೂದಿ ಉದುರಿಸಿ. ಕಾಯಿಕೊರಕ, ಎಲೆ ತಿನ್ನುವ ಹುಳುಗಳಿಗೆ ಬೇವಿನ ಬೀಜದ ಕಷಾಯ ಸಾಕು. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಜಜ್ಜಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚಿಟಿಕೆ ಸೋಪು ಕದಡಿ ಸಂಜೆ ಸಿಂಪಡಿಸಿ. ಹೀರೆ, ಹಾಗಲಕ್ಕೆ ಹಣ್ಣುನೊಣ ಚುಚ್ಚಿದ ಕಾಯಿಗಳನ್ನು ಅಲ್ಲೇ ಬಿಸಾಡದೆ ಮೊಳದುದ್ದ ಆಳಕ್ಕೆ ಹೂಳಿ. ಬೆಂಡೆಯ ಎಲೆ ಹಳದಿ ಬಲೆಯಂತಾದರೆ ಆ ಗಿಡದ ಆಸೆ ಬಿಟ್ಟು ಕೂಡಲೆ ಕಿತ್ತುಹಾಕಿ. ಬಿಳಿನೊಣ ಆ ರೋಗವನ್ನು ಬೇರೆ ಗಿಡಗಳಿಗೆ ಹಬ್ಬಿಸುತ್ತದೆ.

ಹಿತ್ತಲಿನ ಜೊತೆಗೆ ಅಂಗಳವನ್ನೂ ಒಮ್ಮೆ ಸುತ್ತಿ ಬನ್ನಿ. ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಮಡಕೆ ಇವನ್ನೆಲ್ಲ ಬೋರಲು ಹಾಕಿ, ಇಲ್ಲವೇ ತೆಗೆದುಬಿಡಿ. ಡೆಂಗ್ಯೂ ಹರಡುವ ಸೊಳ್ಳೆ ಕೊಳಚೆಗಿಂತ ಇಂತಹ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ನೀರಾರಿದರೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ. ಅದಕ್ಕಾಗಿ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ, ಗೋಡೆಯನ್ನು ತಿಕ್ಕಿ ತೊಳೆಯಬೇಕು. ಸೌದೆ, ಕಲ್ಲುಗುಡ್ಡೆ ಗೋಡೆಗೆ ಒರಗಿದ್ದರೆ ಸರಿಸಿ. ಬೇಸಿಗೆಯಲ್ಲಿ ಚೇಳು, ಹಾವು ಸೇರುವುದು ಅಲ್ಲಿಯೇ. ಹುಲ್ಲಿನ ಮೆದೆ ಒಲೆಮನೆಗೆ ಹತ್ತಿರವಿದ್ದರೆ ಈಗಲೇ ಯೋಚಿಸಿ. ಗಾಳಿಯ ದಿನ ಒಂದು ಕಿಡಿ ಸಾಕು. ಬೇಲಿಯ ಕಂಡಿಗಳನ್ನು ಮುಳ್ಳು ಕಟ್ಟಿ ಮುಚ್ಚಿ. ಊರಿನ ಆಡುಗಳಿಗೆ ಹಸುರು ಎಲ್ಲಿದೆಯೆಂದು ನಮಗಿಂತ ಮೊದಲೇ ಗೊತ್ತಾಗುತ್ತದೆ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಹಿತ್ತಲು ಹೆಂಗಸರ ಕೆಲಸ ಎಂದು ಕಟ್ಟೆಯ ಮೇಲೆ ಕೂರಬೇಡಿ. ನೆಲ ಅಗೆಯುವುದು, ಕಾಲುವೆ ತೋಡುವುದು, ಚಪ್ಪರ ಹಾಕುವುದು, ಬೇಲಿ ಬಿಗಿಯುವುದು, ಇವು ಬಲದ ಕೆಲಸಗಳು. ಈ ಬಿಡುವಿನಲ್ಲಿ ನಾಲ್ಕು ಬೆಳಗ್ಗೆ ನೀವು ಕೈಹಾಕಿದರೆ ಆಗಿಹೋಗುತ್ತದೆ. ಆಮೇಲೆ ಮೂರು ತಿಂಗಳು ದಿನಕ್ಕೆ ಅರ್ಧ ಗಂಟೆಯ ಕೆಲಸ, ಅದನ್ನು ಮನೆಯವರೆಲ್ಲ ಹಂಚಿಕೊಳ್ಳಬಹುದು. ಸೊಪ್ಪು ಕೊಯ್ದ ಮೇಲೆ ಎಲ್ಲರ ತಟ್ಟೆಗೂ ಸಮನಾಗಿ ಬೀಳಲಿ. ಅಡುಗೆ ಮಾಡಿದಾಕೆಯ ತಟ್ಟೆಗೂ ಬೀಳಲಿ.

ನಾಳೆ ಬೆಳಗ್ಗೆ ಮನೆಯವರ ಸ್ನಾನ ಮುಗಿದ ಮೇಲೆ ಬಚ್ಚಲ ಹಿಂದೆ ಹೋಗಿ, ನೀರು ಎತ್ತ ಹರಿಯುತ್ತದೆಂದು ನೋಡಿ. ಅಲ್ಲಿ ಒಂದು ಗೂಟ ನೆಡಿ. ನಿಮ್ಮ ಬೇಸಿಗೆಯ ತೋಟ ಅಲ್ಲಿಂದ ಶುರುವಾಗಲಿ.